ನಾಲ್ಕೂವರೆಗೆ ಶಾಲೆಗೆ ಹೊರಡುವ ಹುಡುಗಿ

ಪಟಾಕಿಯ ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಈಗ ನನಗಿಲ್ಲ. ನಿನ್ನೆ ಫೋನಿಗೆ ಎರಡು ಚಿತ್ರ ಕಳಿಸಿ, ‘ರಜೆಗೆ ಬೆಟ್ಟನೋ ಸಮುದ್ರನೋ ಬೇಗ ಹೇಳು, ಟಿಕೆಟ್ ಮಾಡಿಸ್ಬೇಕು’ ಅಂದಿರಲ್ಲ, ಅದಕ್ಕೆ ಉತ್ತರ ಇದು. ಮಾತಾಡಿದರೆ ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಕಾಗದ.

ಆ ಬೆಟ್ಟ, ಆ ಸಮುದ್ರ ಎರಡೂ ನೀವು ಕೆಲಸ ಮಾಡುವ ಹಡಗು ರಿಪೇರಿ ಕಾರ್ಖಾನೆಯಿಂದ ಒಂದು ಗಂಟೆಯ ದಾರಿ. ನನಗೇನು ನಕಾಶೆ ನೋಡಲು ಬರುವುದಿಲ್ಲವೇ? ಕೊನೆಗೆ ಒಂದು ಸಾಲು ಬೇರೆ: ‘ಮಧ್ಯ ಎರಡು ದಿನ ಡ್ಯೂಟಿಗೂ ಹೋಗ್ಬರಬಹುದು.’ ಪಕ್ಕದಲ್ಲಿ ನಗುವ ಮುಖ! ವರ್ಷಕ್ಕೆ ಎಂಟೇ ದಿನ ಕಣ್ರೀ ನಾವು ಮೂವರೂ ಒಟ್ಟಿಗಿರುವುದು. ಅದರಲ್ಲೂ ಎರಡನ್ನು ಕಾರ್ಖಾನೆಗೆ ದಾನ ಮಾಡುತ್ತೀರಲ್ಲ, ನಿಮಗೆ ಏನನ್ನಬೇಕು?

ನಿಮ್ಮ ಗಡಿಯಾರ ನಮ್ಮದಕ್ಕಿಂತ ನಾಲ್ಕು ಗಂಟೆ ಹಿಂದೆ. ಇಬ್ಬರಿಗೂ ಎರಡೆರಡು ಗಂಟೆ ವ್ಯತ್ಯಾಸದ ಊರಿಗೇ ರಜೆಗೆ ಹೋಗಬೇಕು ಅಂತ ನಿಯಮ ಮಾಡಿದವರು ನೀವು. ‘ನಿದ್ದೆ ಕೆಟ್ರೆ ಇಬ್ರದೂ ಸಮಸಮ ಕೆಡ್ಲಿ ಕಣೇ’ ಅಂದಿದ್ದಿರಿ. ಆ ಮಾತಿಗೆ ಮರುಳಾಗಿ ಎಂಥೆಂಥ ಊರಿಗೆಲ್ಲ ಬಂದೆ! ಒಂದರಲ್ಲಿ ಸಿಮೆಂಟ್ ಕಾರ್ಖಾನೆ ಬಿಟ್ಟರೆ ನೋಡಲು ಏನೂ ಇರಲಿಲ್ಲ. ಆದರೂ ನಗುನಗುತ್ತ ಇದ್ದೆವು.

ಹೋದ ವರ್ಷ ಆ ಸರೋವರದ ಊರಿನಲ್ಲಿ ನೀವು ಕೈಗಡಿಯಾರ ತಿರುಗಿಸಲೇ ಇಲ್ಲ. ಎಂಟಕ್ಕೆ ತಿಂಡಿಗೆ ಕರೆದರೆ ‘ನಂಗಿನ್ನೂ ಆರು ಗಂಟೆ, ಹಸಿವಿಲ್ಲ’. ಸಂಜೆ ಐದರ ದೋಣಿಗೆ ಮಗಳು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ನೀರಿನ ಅಂಚಿನಲ್ಲಿ ಕಾಯುತ್ತಿದ್ದಳು. ನೀವು ಕೋಣೆಯಲ್ಲಿ ‘ಅಲ್ಲೀಗ ಮೂರು, ಶಿಫ್ಟ್ ಬದಲಾಗೋ ಹೊತ್ತು’ ಅಂತ ಫೋನಿಗೆ ಅಂಟಿಕೊಂಡಿದ್ದಿರಿ. ದೋಣಿ ಹೋಯಿತು. ಅವಳು ಜಾಕೆಟ್ ಬಿಚ್ಚದೆಯೇ ರಾತ್ರಿ ಊಟಕ್ಕೆ ಕೂತಳು. ಉಳಿದ ದಿನಗಳೂ ಹಾಳಾಗುವುದು ಬೇಡ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ಮಾಡಿದೆ.

ಈಗ ಮೊನ್ನೆಯ ವಿಷಯ ಕೇಳಿ. ಎರಡನೇ ತರಗತಿಯಲ್ಲಿ ಗಂಟೆ ನೋಡುವ ಪಾಠ. ಟೀಚರ್ ರಟ್ಟಿನ ಗಡಿಯಾರ ಕೊಟ್ಟು, ‘ನೀವು ಮನೆಯಿಂದ ಹೊರಡುವ ಹೊತ್ತಿಗೆ ಮುಳ್ಳು ತಿರುಗಿಸಿ’ ಅಂದರಂತೆ. ಎಲ್ಲ ಮಕ್ಕಳೂ ಎಂಟು, ಎಂಟೂವರೆ. ನಿಮ್ಮ ಮಗಳು ನಾಲ್ಕೂವರೆ! ತರಗತಿ ಬಿದ್ದು ಬಿದ್ದು ನಕ್ಕಿತು. ಇವಳು ಹೆಸರಿಗೆ ತಕ್ಕ ಪಟಾಕಿ, ಸುಮ್ಮನಿರುತ್ತಾಳೆಯೇ? ‘ನಮ್ಮನೇಲಿ ನಾಲ್ಕೂವರೇನೇ, ಬೇಕಾದ್ರೆ ಬಂದ್ ನೋಡಿ’ ಅಂತ ಜಗಳ ಮಾಡಿ, ಕೊನೆಗೆ ಅತ್ತಳಂತೆ. ‘ಮನೆಯಲ್ಲಿ ಗಂಟೆ ನೋಡಲು ಕಲಿಸಿ’ ಎಂದು ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಬಸ್ ಡಿಪೋದಲ್ಲಿ ಕೂತು ಇಡೀ ಊರಿನ ಬಸ್ಸುಗಳ ವೇಳಾಪಟ್ಟಿ ಬರೆಯುವವಳು ನಾನು. ಸಿಟ್ಟಿಗೆ ಪುಟ ಹರಿಯುವ ಹಾಗೆ ಸಹಿ ಗೀಚಿದೆ.

ಮಗು ಓದಿದ್ದು ಸರಿಯಾಗಿಯೇ ಇತ್ತು. ಆರು ವರ್ಷದ ಹಿಂದೆ, ಹೊರಡುವ ದಿನ ಸ್ಟೂಲು ಹತ್ತಿ ಅಡುಗೆಮನೆಯ ಗಡಿಯಾರವನ್ನು ನಾಲ್ಕು ಗಂಟೆ ಹಿಂದಕ್ಕೆ ತಿರುಗಿಸಿದವರು ಯಾರು? ‘ಇದನ್ನ ನೋಡಿದ್ರೆ ನಾನೇನ್ ಮಾಡ್ತಿದೀನಿ ಅಂತ ಗೊತ್ತಾಗುತ್ತೆ ಕಣೇ’ ಅಂದಿರಿ. ಅವಳಾಗ ನನ್ನ ಕಂಕುಳಲ್ಲಿದ್ದಳು. ದಿನವೂ ಅದರ ಕೆಳಗೆ ಕೂತು ಹಾಲು ಕುಡಿಯುತ್ತ ತಾನಾಗಿಯೇ ಗಂಟೆ ನೋಡಲು ಕಲಿತಳು. ನಾನು ನೋಡಿದ ತಕ್ಷಣ ಮನಸ್ಸಿನಲ್ಲೇ ನಾಲ್ಕು ಕೂಡಿಸುವವಳು. ಅವಳಿಗೂ ಅದನ್ನು ಹೇಳಿಕೊಡಬೇಕು ಅನ್ನುವುದೇ ಹೊಳೆಯಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದೂ ಇದೆ.

ನಿಮ್ಮ ಗೋಡೆಯ ಮೇಲೆ ನಮ್ಮ ಗಂಟೆ ತೋರಿಸುವ ಗಡಿಯಾರ ಎಂದಾದರೂ ಇತ್ತೇ? ದಿನಾ ನಿಮ್ಮ ಊಟದ ಬಿಡುವಿನಲ್ಲಿ ಫೋನ್ ಮಾಡುತ್ತೀರಿ. ನನಗಾಗ ಸಂಜೆ ಐದು, ಡ್ರೈವರ್‌ಗಳೆಲ್ಲ ಕಿಟಕಿಯ ಮುಂದೆ ನಿಂತು ಕಿರುಚುವ ಹೊತ್ತು. ‘ಪುರುಸೊತ್ತಿದೆಯಾ’ ಅಂತ ಒಂದು ದಿನ ಕೇಳಿದ್ದೀರಾ?

ಅದು ಅಪ್ಪನ ಊರಿನ ಗಂಟೆ ಅಂತ ಬಿಡಿಸಿ ಹೇಳಿದ ಮೇಲೆ ಪಟಾಕಿ ತಲೆಯೆತ್ತಿ ಗಡಿಯಾರ ನೋಡಿದಳು. ‘ಹಾಗಾದ್ರೆ ಅಮ್ಮಾ, ನಮ್ಮ ಗಂಟೆ ಎಲ್ಲಿದೆ?’ ಅಂದಳು. ಸ್ಟೂಲು ಹತ್ತಿ ಗಡಿಯಾರ ಇಳಿಸಿದೆ ರೀ, ಜಿಡ್ಡು ಒರೆಸಿದೆ, ಮುಳ್ಳು ಅವಳ ಕೈಯಿಂದಲೇ ತಿರುಗಿಸಿದೆ.

ಆದ್ದರಿಂದ ಬೆಟ್ಟವೂ ಬೇಡ, ಸಮುದ್ರವೂ ಬೇಡ, ನಡುವಿನ ಊರೂ ಬೇಡ. ಈ ಸಲದ ರಜೆಗೆ ನಾನು ಆರಿಸಿದ ಜಾಗ ಈ ಮನೆ. ಆರು ವರ್ಷದಿಂದ ನೀವು ಕಾಲಿಡದ ಜಾಗ ಇದೊಂದೇ. ಎಂಟೂವರೆಗೆ ಮಗಳ ಕೈಹಿಡಿದು ಶಾಲೆಯ ಗೇಟಿನ ತನಕ ಹೋಗಬೇಕು. ಅವಳು ಗಂಟೆ ಕೇಳಿದರೆ ಕೂಡದೆ ಕಳೆಯದೆ ಹೇಳಬೇಕು. ಬಾಗಿಲು ತೆಗೆದ ಕೂಡಲೇ ನಾನು ನೋಡುವುದು ನಿಮ್ಮ ಮುಖವನ್ನಲ್ಲ, ಕೈಗಡಿಯಾರವನ್ನು. ಅದು ನಾಲ್ಕು ಗಂಟೆ ಹಿಂದಿದ್ದರೆ ಪೆಟ್ಟಿಗೆ ಕೆಳಗಿಳಿಸಬೇಡಿ, ಹಾಗೇ ತಿರುಗಿ ಹೋಗಿ.

ಗಡಿಯಾರ ಸರಿಹೋದರೂ ನನ್ನ ತಲೆ ಸರಿಹೋಗಿಲ್ಲ, ಹಾಳಾದ್ದು. ಇದನ್ನು ಬರೆಯುತ್ತಿರುವಾಗಲೂ ನಾಲ್ಕು ಕಳೆದು, ನೀವೀಗ ಎದ್ದು ಶೂ ಹುಡುಕುತ್ತಿರಬೇಕು ಅಂದುಕೊಂಡೆ. ಮಂಚದ ಕೆಳಗೆ ನೋಡಿ. ತಿಂಡಿ ತಿನ್ನದೆ ಓಡಬೇಡಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇನ್ನು ಮುಂದೆ ಒಂದು ನಿಮಿಷವೂ ಹಿಂದಕ್ಕೆ ತಿರುಗದ,
ನಿಮ್ಮ ಹೆಂಡತಿ