ದೀಪದ ಮೇಜಿನ ಹಿಂದೆ ನಿಂತವನಿಗೆ

ಭಾನುವಾರ, ೯ ಮಾರ್ಚ್
ಹೊಲಿಗೆ ಅಂಗಡಿ, ಹಿಂದಿನ ಕೋಣೆ

ನನ್ನ ಪುಟ್ಟನಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು ಎಂದು ಶುರು ಮಾಡಿದ್ದೆ. ಆ ಸಾಲನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಎರಡು ತಿಂಗಳಿಂದ ನಿನಗೆ ನನ್ನ ಕಡೆಯಿಂದ ಒಂದು ಮಾತಿಲ್ಲ. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಣ್ಣು ನೋವು, ಕೈತುಂಬ ಕೆಲಸ ಎಂದೆಲ್ಲ ನೆಪ ಹೇಳಬಹುದು. ಯಾವುದೂ ಅಲ್ಲ. ಕೋಪ ಮಾಡಿಕೊಂಡಿದ್ದೆ.

ನೀನೇ ಹೇಳು. ಫೋನ್ ಮಾಡಿದರೆ ಎತ್ತುವುದಿಲ್ಲ. ಫೋನಿನ ಆ ಇರುವೆ ಅಕ್ಷರಗಳನ್ನು ಒತ್ತಲು ನನ್ನ ಬೆರಳು ಬಗ್ಗುವುದಿಲ್ಲ ಎಂದು ಮಾತನ್ನೇ ತುಂಬಿ ಕಳಿಸಿದರೆ, ನಿನ್ನಿಂದ ಬರುವುದು ಒಂದು ಹೆಬ್ಬೆರಳಿನ ಚಿತ್ರ, ಅದರ ಪಕ್ಕ 'ಸೂಪರ್ ಅಮ್ಮ'. ಹುಟ್ಟಿದ ದಿನಕ್ಕೆ ಹಾಡಿ ಕಳಿಸಿದರೂ ಹೆಬ್ಬೆರಳು, ಇಕ್ಕಳ ಎಲ್ಲಿಟ್ಟು ಹೋದೆಯೋ ಎಂದು ಕೇಳಿದರೂ ಹೆಬ್ಬೆರಳು. ಬ್ಯಾಂಡುಗಳ ಸದ್ದಿನ ಮೇಜು ನೋಡಿಕೊಳ್ಳುತ್ತಾ ಊರೂರು ಸುತ್ತುವ ಮಗನಿಗೆ ಅಮ್ಮನ ಮಾತು ಕೇಳಿಸಿಕೊಳ್ಳಲು ಪುರಸೊತ್ತಿಲ್ಲ, ತೆರೆದು ಕೂಡ ನೋಡುವುದಿಲ್ಲ ಎಂದು ತೀರ್ಮಾನ ಮಾಡಿ ಬಾಯಿಗೆ ಬೀಗ ಹಾಕಿಕೊಂಡೆ.

ನಿನ್ನೆ ನಿನ್ನನ್ನು ನೋಡಿದೆ ಕಂದ. ಮೊದಲಿಂದ ಹೇಳುತ್ತೇನೆ. ಕಥೆಯನ್ನು ನಡುವಿನಿಂದ ಎತ್ತಿಕೊಂಡರೆ ನನಗೇ ದಾರಿ ತಪ್ಪುತ್ತದೆ.

ಈ ವರ್ಷವೂ ಮೆಟಲ್ ಸಂಗೀತದ ಉತ್ಸವ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲೇ. ಸಾಮಾನು ಗಾಡಿಯಲ್ಲಿ ನನ್ನ ಕಾಲುಮೆಷಿನ್ ಹೇರಿಕೊಂಡು ಹೋದೆ. ಗೇಟಿನ ಕಾವಲಿನವನು ಹೊಸಬ. ನನ್ನ ಸೀರೆಯನ್ನೂ ಮೆಷಿನ್ನನ್ನೂ ಒಮ್ಮೆ ನೋಡಿ, "ಅಜ್ಜೀ, ಮದುವೆ ಮಂಟಪ ಆ ಕಡೆ ರಸ್ತೇಲಿ" ಅಂದ. "ಅಜ್ಜಿ ನಿಮ್ಮಮ್ಮ. ಸರಿ, ಗೇಟು ತೆಗಿ" ಅಂದೆ. ಹಿಂದೆ ಸಾಲಿನಲ್ಲಿದ್ದ ಗಡ್ಡದವರೆಲ್ಲ "ಸೂಜಿಯಮ್ಮ ಬಂದ್ರು, ದಾರಿ ಬಿಡ್ರೋ!" ಎಂದು ಕೂಗಿದರು. ಅವನ ಮುಖ ನೋಡಬೇಕಿತ್ತು.

ನಮ್ಮ ಕೆಲಸ ನಿನಗೆ ಗೊತ್ತಿರುವುದೇ, ಆದರೂ ಹೇಳದಿದ್ದರೆ ನನಗೆ ಕಾಗದ ಬರೆದ ಹಾಗಾಗುವುದಿಲ್ಲ. ತೋಳಿಲ್ಲದ ಜೀನ್ಸ್ ಜಾಕೆಟ್ಟು ತರುತ್ತಾರೆ, ಅದರ ಮೇಲೆ ತಮಗೆ ಇಷ್ಟವಾದ ಬ್ಯಾಂಡಿನ ಚಿತ್ರವಿರುವ ಬಟ್ಟೆಯ ತುಂಡು, ಅಂದರೆ ಪ್ಯಾಚು, ಹೊಲಿಸಿಕೊಳ್ಳುತ್ತಾರೆ. ಜನ್ಮದಲ್ಲಿ ಆ ಜಾಕೆಟ್ಟಿಗೆ ನೀರು ತೋರಿಸುವುದಿಲ್ಲ. ಒಗೆದರೆ ಅದರ ಮರ್ಯಾದೆ ಹೋಗುತ್ತದಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೊಲಿಯುತ್ತೇನೆ. ವೇದಿಕೆಯ ಮೇಲೆ ಬ್ಯಾಂಡು ಶುರುವಾದರೆ ಯಾರ ಮಾತೂ ಯಾರಿಗೂ ಕೇಳದು, ಅದಕ್ಕೆ ನನ್ನ ಬಳಿ ಬಿಳಿ ಸೀಮೆಸುಣ್ಣ ಇಟ್ಟಿರುತ್ತೇನೆ. ಪ್ಯಾಚು ಎಲ್ಲಿ ಬೇಕೋ ಅಲ್ಲಿ ಜಾಕೆಟ್ಟಿನ ಮೇಲೆ ಗೆರೆ ಎಳೆಯುತ್ತಾರೆ, ಬೇರೆ ಏನಾದರೂ ಹೇಳುವುದಿದ್ದರೆ ಮೇಜಿನ ಕರಿ ಬಟ್ಟೆಯ ಮೇಲೆ ಬರೆಯುತ್ತಾರೆ. ಓದಿ ಕೈಯಿಂದ ಒರೆಸಿದರೆ ಮುಗಿಯಿತು.

ಬೆಳಗ್ಗೆ ಒಬ್ಬ ಬಂದ. ಬಾಗಿಲಿನಷ್ಟು ಅಗಲ, ಕತ್ತಿನ ತನಕ ಹಚ್ಚೆ. ಜಾಕೆಟ್ಟು ಬಿಚ್ಚಲಾರೆ, ಮೈಮೇಲಿದ್ದ ಹಾಗೇ ಹೊಲಿಯಿರಿ ಎಂದು ಹಟ. ಬೆನ್ನ ಹಿಂದೆ ಕೂತು ಕೈಸೂಜಿ ಹಿಡಿದೆ.

"ಅಮ್ಮಾ, ಚುಚ್ಚುತ್ತಾ?"

"ಮೈತುಂಬ ಸೂಜೀಲಿ ಬರೆಸ್ಕೊಂಡಿದೀಯ, ಇದಕ್ಕೆ ಹೆದರ್ತೀಯಾ?"

"ಅದು ಬೇರೆ ಅಮ್ಮ. ಆಗ ಕಣ್ಮುಚ್ಕೊಂಡು ನಮ್ಮಮ್ಮನ ಕೈ ಹಿಡ್ಕೊಂಡಿದ್ದೆ."

ಪಕ್ಕದ ಅಂಗಡಿಯ ಕರಿ ಅಂಗಿಯವನು ಬಿದ್ದು ಬಿದ್ದು ನಕ್ಕ. ಟೀ ಶರ್ಟ್ ಮಾರುತ್ತಾನಲ್ಲ, ಅವನೇ. ಮಧ್ಯಾಹ್ನ ಆತನೇ ನೀರಿನ ಬಾಟಲಿ ತಂದುಕೊಟ್ಟು, "ಅಕ್ಕಾ, ನಿಮ್ಮ ಮಗ ಬಂದಿದಾನೆ. ದೊಡ್ಡ ವೇದಿಕೆ ಎದುರಿಗೆ, ಆ ಮಧ್ಯದ ಡೇರೆ ಇದ್ಯಲ್ಲ, ಅಲ್ಲಿ. ನಾನೇ ನೋಡ್ದೆ" ಅಂದ.

ಕೋಪವಿತ್ತು, ಹೌದು. ಆದರೂ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಂಡಿತು. ಅಂಗಡಿ ನೋಡಿಕೋ ಎಂದು ಅವನಿಗೆ ಹೇಳಿ ಹೊರಟೆ. ಏನು ಬೈಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಾ ಹೋದೆ. ಬೈಗುಳ ಮುಗಿದ ಮೇಲೆ ಊಟ ಮಾಡಿದೆಯಾ ಎಂದು ಕೇಳುವುದೂ ಅದರಲ್ಲೇ ಸೇರಿತ್ತು.

ಒಂದು ಬ್ಯಾಂಡು ಇಳಿದು ಇನ್ನೊಂದು ಹತ್ತುವ ನಡುವಿನ ಹೊತ್ತು. ಬಯಲು ಸುಮ್ಮನಿತ್ತು. ವೇದಿಕೆಯ ಮೇಲೆ ಯಾರೋ ಡ್ರಮ್ಮನ್ನು ಒಮ್ಮೆ ತಟ್ಟಿ ನಿಲ್ಲಿಸುತ್ತಿದ್ದರು, ಅಷ್ಟೇ. ಡೇರೆಯ ಕಟಾಂಜನದ ಆಚೆ ನೀನು ನಿಂತಿದ್ದೆ, ನನಗೆ ಬೆನ್ನು ಮಾಡಿ. ಕೈ ಚಾಚಿದರೆ ನಿನ್ನ ಕಾಲರು ಸಿಗುವಷ್ಟು ಹತ್ತಿರ.

"ಪುಟ್ಟಾ" ಎಂದೆ.

ನೀನು ತಿರುಗಲಿಲ್ಲ. "ಪುಟ್ಟಾ!" ಎಂದು ಮತ್ತೆ ಕೂಗಿದೆ, ನನ್ನ ಗಂಟಲು ನಿನಗೆ ಗೊತ್ತಲ್ಲ. ಆ ತುದಿಯಲ್ಲಿ ನೀರು ಮಾರುತ್ತಿದ್ದವನು ತಿರುಗಿದ. ಕಂಬ ಹತ್ತಿ ದೀಪ ಕಟ್ಟುತ್ತಿದ್ದ ಹುಡುಗಿ ಮೇಲಿನಿಂದ ಬಗ್ಗಿ ನೋಡಿದಳು. ನೀನು ಮಾತ್ರ ಮೇಜಿನ ಗುಂಡಿಗಳ ಮೇಲೆ ಬಗ್ಗಿ ಏನೋ ತಿರುಗಿಸುತ್ತಿದ್ದೆ.

ಹೆತ್ತ ಮಗ, ಬೆನ್ನ ಹಿಂದೆ ನಿಂತು ಕರೆದರೆ, ಕೇಳದವನ ಹಾಗೆ ನಟಿಸುತ್ತಾನೆ ಎಂದುಕೊಂಡೆ. ವಾಪಸು ಬಂದು ಮೆಷಿನ್ ಮುಂದೆ ಕೂತು, ಕೈಗೆ ಸಿಕ್ಕಿದ ಜಾಕೆಟ್ಟಿಗೆ ತಲೆಬುರುಡೆಯ ಪ್ಯಾಚನ್ನು ತಲೆಕೆಳಗು ಮಾಡಿ ಹೊಲಿದುಬಿಟ್ಟೆ. ನನ್ನ ಕೈಯಲ್ಲಿ ಅಂಥ ಕೆಲಸ ಆದದ್ದೇ ಇಲ್ಲ. ಜಾಕೆಟ್ಟಿನವನು ನೋಡಿ, "ಇದೇ ಮಸ್ತಾಗಿದೆ, ಬಿಚ್ಬೇಡಿ" ಎಂದು ಎತ್ತಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಆ ದೀಪದ ಹುಡುಗಿ ಬಂದಳು. ಸೊಂಟದ ಪಟ್ಟಿಯಲ್ಲಿ ಸ್ಪಾನರು, ಕೈಯಲ್ಲಿ ಬಿಚ್ಚಿದ ಕೈಗವಸು.

"ನೀವು ಅವನ ಅಮ್ಮನಾ?"

"ಆಗಿದ್ದೆ."

"ಹಾಗನ್ಬೇಡಿ ಆಂಟಿ. ನೀವು ಕರೆದದ್ದು ಅವನಿಗೆ ಕೇಳ್ಸಿಲ್ಲ."

"ಅಷ್ಟು ಹತ್ರ ನಿಂತು ಕರ್ದೆ ಕಣೇ. ನೀರು ಮಾರೋನಿಗೂ ಕೇಳ್ಸಿತು."

"ನೀರು ಮಾರೋನಿಗೆ ಕೇಳ್ಸುತ್ತೆ ಆಂಟಿ" ಅಂದಳು. ಮುಂದೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡ ವೇದಿಕೆಯಲ್ಲಿ ಬ್ಯಾಂಡು ಶುರುವಾಗಿ, ನೆಲ ಗುಡುಗಿ, ಅವಳ ತುಟಿ ಆಡುವುದಷ್ಟೇ ಕಾಣಿಸಿತು. ಅವಳು ತಲೆ ಅಲ್ಲಾಡಿಸಿ ನನ್ನ ಸೀಮೆಸುಣ್ಣ ತೆಗೆದುಕೊಂಡಳು.

ಆ ಸುದ್ದಿ ನನಗೆ ಬಂದದ್ದು ಹೀಗೆ ಪುಟ್ಟ. ಪ್ಯಾಚಿನ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ, ಕರಿ ಬಟ್ಟೆಯ ಮೇಲೆ. 'ಸ್ಪೀಕರ್ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ' ಎಂದು ಬರೆದಳು. ನಾನು ಓದಿದೆ. ಅವಳೇ ಒರೆಸಿ, 'ಬಲಗಿವಿಗೆ ಗುಡುಗಿನಂಥ ದಪ್ಪ ಸದ್ದು ಮಾತ್ರ. ಮಾತು ಇಲ್ಲ' ಎಂದು ಬರೆದಳು. ಮತ್ತೆ ಒರೆಸಿದಳು. 'ಒಂದು ವರ್ಷ ಆಯ್ತು.' ನನ್ನ ಗಿರಾಕಿಗಳು ಸಾಲಿನಲ್ಲಿ ನಿಂತು, ಇದೇನೋ ದೊಡ್ಡ ಆರ್ಡರು ಎಂದುಕೊಂಡು ತಾಳ್ಮೆಯಿಂದ ಕಾಯುತ್ತಿದ್ದರು.

ಯಾಕೆ ಹೇಳಲಿಲ್ಲ ಎಂದು ನಾನು ಬರೆದೆ. ಅವಳು ಬರೆದಳು: 'ಅಮ್ಮನಿಗೆ ಗೊತ್ತಾದ್ರೆ ಈ ಹಾಡು ಕೇಳೋದೇ ಬಿಟ್ಬಿಡ್ತಾಳೆ ಅಂತಾನೆ.'

ಕಂದ, ನೀನು ಮೊದಲ ಸಲ ನಿನ್ನ ಕೋಣೆಯಲ್ಲಿ ಇದನ್ನು ಹಾಕಿದಾಗ ಕಳ್ಳರು ನುಗ್ಗಿ ಪಾತ್ರೆ ಎಸೆಯುತ್ತಿದ್ದಾರೆ ಎಂದು ನಾನು ದೊಣ್ಣೆ ಹಿಡಿದು ಬಂದಿದ್ದೆ. ಆಮೇಲೆ ಹೊಲಿಯುತ್ತಾ ಕೂತಾಗ ನನ್ನ ಪಾದ ತಾನಾಗಿ ಆ ಡ್ರಮ್ಮಿನ ಜೊತೆ ಮೆಷಿನ್ ತುಳಿಯತೊಡಗಿತು. ನೀನು ಬಾಗಿಲಲ್ಲಿ ನಿಂತು ನೋಡಿ, "ಅಮ್ಮಾ, ನೀನೂ ಬಿದ್ದೆ" ಅಂದೆ. ಬಿದ್ದೆ, ಹೌದು. ಅದನ್ನು ಉಳಿಸಿಕೊಡಲು ನೀನು ಒಂದು ವರ್ಷ ಕಿವಿಯಿಲ್ಲದೆ ಒಬ್ಬನೇ ಬದುಕಿದೆ ಎಂದು ಯಾರು ಕನಸು ಕಂಡಿದ್ದರು!

ಆ ಹುಡುಗಿ ನನ್ನ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು. ಆಡುತ್ತಿದ್ದದ್ದು 'ತುಕ್ಕು'. ನಮ್ಮ 'ತುಕ್ಕು', ಪುಟ್ಟ, ಇಬ್ಬರೂ ಒಟ್ಟಿಗೆ ಕೇಳಬೇಕೆಂದು ಆಸೆಪಟ್ಟಿದ್ದ ಬ್ಯಾಂಡು. ಜನ ಸಮುದ್ರದ ಹಾಗೆ ಏಳುತ್ತಿದ್ದರು, ಬೀಳುತ್ತಿದ್ದರು. ನಾನು ವೇದಿಕೆಯ ಕಡೆ ನೋಡಲಿಲ್ಲ, ನಿನ್ನನ್ನೇ ನೋಡಿದೆ. ಆಗ ಕಣ್ಣಿಗೆ ಬಿತ್ತು, ನೀನು ನಿಂತಿದ್ದದ್ದು ಸದ್ದಿನ ಮೇಜಿನ ಹಿಂದಲ್ಲ, ದೀಪದ ಮೇಜಿನ ಹಿಂದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹಲಗೆಯ ಮೇಲೆ ನಿಂತಿದ್ದೆ. ಎಡ ಅಂಗೈ ಸ್ಪೀಕರ್ ಪೆಟ್ಟಿಗೆಯ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಬಲಗೈ ಗುಂಡಿಗಳ ಮೇಲೆ. ಡ್ರಮ್ಮಿನ ಒಂದೊಂದು ಏಟಿಗೂ ಕೆಂಪು ದೀಪ ಸರಿಯಾಗಿ ಬೀಳುತ್ತಿತ್ತು. ಒಂದೂ ತಪ್ಪಲಿಲ್ಲ. ನನಗೆ ಕೇಳುತ್ತಿದ್ದದ್ದನ್ನು ನೀನು ಬೆಳಕಿನಲ್ಲಿ ಬರೆಯುತ್ತಿದ್ದೆ. ನನ್ನ ಸುತ್ತ ಅಷ್ಟು ಗದ್ದಲ, ಆದರೆ ನನ್ನ ತಲೆಯೊಳಗೆ ಗಾಜಿನ ಲೋಟ ಒಡೆದ ಮೇಲಿನ ಮೌನ.

ಹುಡುಗಿ ಕಟಾಂಜನದ ಬಾಗಿಲು ತೆರೆದು ಹಿಡಿದಳು. ನನ್ನ ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು. ಒಂದು ಹೆಜ್ಜೆ ಒಳಗಿಟ್ಟು ಹಿಂದಕ್ಕೆ ಬಂದುಬಿಟ್ಟೆ. ಅವಳು ಗಾಬರಿಯಾಗಿ ನೋಡಿದಳು. ಅಮ್ಮ ಬಂದಿದ್ದಳು ಎಂದು ನಿನಗೆ ಹೇಳಬೇಡ ಎಂದು ಕೈಸನ್ನೆ ಮಾಡಿ ಬಂದೆ. ಪಾಪ, ಅವಳನ್ನು ಬೈಯಬೇಡ. ನಾನು ಯಾಕೆ ಒಳಗೆ ಬರಲಿಲ್ಲ ಎಂಬುದನ್ನು ಕೆಳಗೆ ಬರೆಯುತ್ತೇನೆ. ಕೈ ಇನ್ನೂ ಒಪ್ಪುತ್ತಿಲ್ಲ.

ಅಂಗಡಿ ಕಟ್ಟಿ ಮನೆಗೆ ಬಂದವಳು ಫೋನಿನಲ್ಲಿ ನಿನ್ನ ಹೆಬ್ಬೆರಳುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಇಕ್ಕಳ ಎಲ್ಲಿ ಎಂದು ಕೇಳಿದ್ದಕ್ಕೆ 'ಸೂಪರ್ ಅಮ್ಮ' ಎಂದಿದ್ದೀಯಲ್ಲ, ಆ ಉತ್ತರ ಬಂದ ದಿನ ಒಬ್ಬಳೇ ನಕ್ಕು ಸುಮ್ಮನಾಗಿದ್ದೆ. ಇಕ್ಕಳಕ್ಕೆ ಸೂಪರ್ ಎನ್ನುವವನು ಯಾರು ಎಂದು ನನಗೆ ಹೊಳೆಯಲೇ ಇಲ್ಲ.

ಇನ್ನು ಮುಂದೆ ಫೋನಿನಲ್ಲಿ ಮಾತು ತುಂಬುವುದಿಲ್ಲ. ಪೆನ್ನು ಹಿಡಿದರೆ ನನ್ನ ಕೈ ನಿಲ್ಲದು, ಅದು ನಿನಗೆ ಗೊತ್ತು. ದೊಡ್ಡ ದೊಡ್ಡ ಕಾಗದ ಬರುತ್ತವೆ, ತಯಾರಾಗಿರು. ಡೇರೆಯಲ್ಲಿ ನಿಮ್ಮ ದೀಪದವರು ನಿನ್ನ ಜೊತೆ ಕೈಸನ್ನೆಯಲ್ಲಿ ಮಾತಾಡುವುದನ್ನು ನೋಡಿದೆ. ನನಗೂ ಕಲಿಸು. ಹೊಲಿಯುವ ಬೆರಳು, ಬೇಗ ಕಲಿಯುತ್ತದೆ. ಮತ್ತೆ, ಹಾಡು ಬಿಡುವುದಿಲ್ಲ. ಇವತ್ತು ಬೆಳಗ್ಗೆ 'ತುಕ್ಕು' ಹಾಕಿಕೊಂಡು ಕೂತು ಎರಡು ಜಾಕೆಟ್ಟು ಮುಗಿಸಿದೆ. ಅಳು ಬಂತು, ಆದರೆ ನಿಲ್ಲಿಸಲಿಲ್ಲ.

ಸರಿಯಾಗಿ ಊಟ ಮಾಡು. ಆ ಹಲಗೆಯಲ್ಲಿ ಮೊಳೆ ಇರುತ್ತವೆ, ಬರಿಗಾಲಲ್ಲಿ ನಿಲ್ಲುವ ಮೊದಲು ನೋಡಿಕೊಂಡು ನಿಲ್ಲು. ನಿನ್ನ ಕೈ ಇಟ್ಟಲ್ಲೆಲ್ಲ ಬೆಳಕಾಗಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನನ್ನು ಬೆನ್ನ ಕಡೆಯಿಂದ ನೋಡಿ ಬಂದ
ನಿನ್ನ ಅಮ್ಮ

ತಾ.ಕ.: ಆ ಹುಡುಗಿ ಬರೆದ ಕೊನೆಯ ಸಾಲನ್ನು ಮೇಲೆ ಬರೆಯದೆ ಬಿಟ್ಟಿದ್ದೇನೆ. 'ಬರೋ ತಿಂಗಳು ಮನೆಗೆ ಬರ್ತಾನೆ. ಮೊದಲು ಅಜ್ಜಿಗೆ ಹೇಳ್ತಾನಂತೆ, ಅಜ್ಜಿ ಅಮ್ಮನಿಗೆ ನಿಧಾನಕ್ಕೆ ಹೇಳ್ಲಿ ಅಂತ.' ಅದನ್ನು ಓದಿದಾಗಲೇ ನನಗೆ ತಿಳಿದದ್ದು, ನಿನಗೆ ಗೊತ್ತೇ ಇಲ್ಲ ಎಂದು. ಅಷ್ಟು ಜನರ ನಡುವೆ, ಅಷ್ಟು ಚೆಂದ ಕೆಲಸ ಮಾಡುತ್ತಿದ್ದ ನಿನಗೆ ಸೀಮೆಸುಣ್ಣದಲ್ಲಿ ಅದನ್ನು ಹೇಗೆ ಬರೆದು ತೋರಿಸಲಿ? ಅದಕ್ಕೇ ಬಾಗಿಲಿಂದ ತಿರುಗಿ ಬಂದೆ.

ಜನವರಿಯಲ್ಲಿ ಒಂದು ಬೆಳಗ್ಗೆ ನಾನೂ ಅಕ್ಕಪಕ್ಕದವರೂ ನಿನಗೆ ಫೋನ್ ಮಾಡಿ ಮಾಡಿ ಸಾಕಾಗಿ, ನಾನು ಮಾತು ತುಂಬಿ ಕಳಿಸಿದೆ. ನೀನು ಹೆಬ್ಬೆರಳು ಕಳಿಸಿದೆ. 'ಸೂಪರ್ ಅಮ್ಮ' ಎಂದೂ ಇತ್ತು. ಅವತ್ತು ಅದರಲ್ಲಿ ನಾನು ಹೇಳಿದ್ದನ್ನು ಒಂದು ಮಾತೂ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

"ಪುಟ್ಟಾ, ಅಜ್ಜಿ ಹೋಗ್ಬಿಟ್ಳು ಕಣೋ. ಕಾಫಿ ಕುಡಿದು ಲೋಟ ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದ್ಳು. ನೋವೇನೂ ಪಡ್ಲಿಲ್ಲ. ನೀನು ಬರೋವರೆಗೂ ಯಾರೂ ಅವಳನ್ನ ಎತ್ತೋದಿಲ್ಲ ಅಂದಿದೀನಿ. ಬೇಗ ಬಾ."

ಕತ್ತಲಾಗುವವರೆಗೆ ಕಾದೆವು, ಕಂದ.