ವಿಯೆನ್ನಾದಿಂದಾಚೆಗೆ ಇನ್ನೆರಡು ದಿನ

ಬ್ರಾಟಿಸ್ಲಾವಾ, ಬಂದರಿನ ಹಿಂದಿನ ಬೀದಿ
ಗುರುವಾರ, ೯ ಜುಲೈ ೧೯೯೮

ಪ್ರೀತಿಯ ವೋಲ್ಟರ್,

ಮೊದಲು ನಿನ್ನ ಮಂಡಿಯ ಸಮಾಚಾರ ಹೇಳು. ಊತ ಇಳಿಯಿತೇ? ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದಾಗ ಮಾತ್ರ ಕಾಲು ಮಡಿಸಿ, ಅವಳು ಬಾಗಿಲು ದಾಟಿದ ಕೂಡಲೇ ಕುರ್ಚಿಗೆ ಅಂಟಿಕೊಳ್ಳುತ್ತಿದ್ದೀಯ ಎಂದು ನನಗೆ ಇಲ್ಲಿಂದಲೇ ಕಾಣುತ್ತದೆ. ಟೊಮೇಟೊ ಗಿಡಗಳನ್ನು ನೋಡಲೆಂದು ಹಿತ್ತಲಿನ ಮೆಟ್ಟಿಲು ಇಳಿಯಬೇಡ, ಪಕ್ಕದ ಮನೆಯ ಟೂಸ್ ನೀರು ಹಾಕುತ್ತಾಳೆ. ಅವಳು ಬೇಯಿಸಿ ತರುವ ಆಲೂಗಡ್ಡೆಗೆ ಉಪ್ಪು ಕಡಿಮೆಯಾದರೆ ನೀನೇ ಮೇಲೆ ಉದುರಿಸಿಕೋ, ಮುಖಕ್ಕೆ ಹೊಡೆದಂತೆ ಹೇಳಬೇಡ. ಮೊನ್ನೆ ನಮ್ಮವರು ಸೋತ ಫುಟ್‌ಬಾಲಿನ ಮಾತನ್ನು ನಾನು ಎತ್ತುವುದಿಲ್ಲ. ನಿನಗೆಷ್ಟು ಸಂಕಟವಾಗಿರಬೇಕೆಂದು ಗೊತ್ತು. ನಮ್ಮ ಸೈಕಲಿನ ಕಿತ್ತಳೆ ಬಣ್ಣದ ಬಾವುಟ ನೋಡಿ ಇಲ್ಲಿಯ ಹೋಟೆಲಿನವನು ಕೂಡ ಮನೆಯಲ್ಲಿ ಸಾವಾದವರಿಗೆ ಮಾಡುವಂತೆ ನನ್ನ ಭುಜ ತಟ್ಟಿದ.

ನಿನ್ನೆ ವಿಯೆನ್ನಾದ ನಿಲ್ದಾಣದಿಂದ ಫೋನ್ ಮಾಡಿ, ಬರುವುದು ಇನ್ನೆರಡು ದಿನ ತಡ ಎಂದೆನಲ್ಲ, ಆಗ ನೀನು ಕೂಗಾಡಿದ್ದು ಪಕ್ಕದ ಬೂತಿನವರಿಗೂ ಕೇಳಿಸಿತು. ಫೋನಿನಲ್ಲಿ ನಿನ್ನದು ಇದೇ ಕಥೆ. ನನ್ನ ವಾಕ್ಯ ಅರ್ಧದಲ್ಲಿರುವಾಗಲೇ ನಿನ್ನ ‘ಬೇಡ’ ಬಂದು ಕೂತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಓದುವವನು ಮಧ್ಯೆ ಬಾಯಿ ಹಾಕಿದರೂ ಕಾಗದ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಇದೇ ಮನೆಯಲ್ಲಿ ತಂಗಿರುವ ಜ್ವೋಲೆ ಊರಿನ ಗಂಡ ಹೆಂಡತಿ ಇಂದು ಸಂಜೆ ವ್ಯಾನಿನಲ್ಲಿ ಊರಿಗೆ ಹೊರಡುತ್ತಿದ್ದಾರೆ. ದಾರಿಯಲ್ಲಿ ನಮ್ಮ ಡೆವೆಂಟರ್‌ಗೆ ತಿರುಗಿ, ನಾಳೆ ಬೆಳಿಗ್ಗೆ ಇದನ್ನು ನಿನ್ನ ಕೈಗೇ ಕೊಡುತ್ತೇವೆ ಎಂದಿದ್ದಾರೆ. ಒಳ್ಳೆಯ ಜನ, ಕಾಫಿ ಕೊಡು.

ನದಿಯ ದಂಡೆಯ ಈ ಸೈಕಲ್ ಪ್ರವಾಸಕ್ಕೆ ನಿನ್ನ ಬದಲಿಗೆ ನಿನ್ನ ಅಕ್ಕನನ್ನು ಕರೆದುಕೊಂಡು ಹೋಗೆಂದು ನೀನೇ ತಾನೇ ಹೇಳಿದ್ದು? ಪಾಸೌನಲ್ಲಿ ಸೈಕಲ್ ಹತ್ತಿದಾಗ ಗ್ರೀತ್ಯ ಹೇಗಿದ್ದಳು ಗೊತ್ತೇ? ದಿನಕ್ಕೆ ಹತ್ತು ಮಾತು, ಅದರಲ್ಲಿ ಆರು ‘ಹೂಂ’. ಚಳಿಗಾಲದಲ್ಲಿ ಅಡಿಗೆಮನೆಯಲ್ಲಿ ತಲೆ ತಿರುಗಿ ಬಿದ್ದಾಗಿನಿಂದ ನಾವೆಲ್ಲ ಅವಳನ್ನು ಗಾಜಿನ ಲೋಟದ ಹಾಗೆ ಹಿಡಿದುಕೊಂಡಿದ್ದೇವೆ. ಡಾಕ್ಟರು ಮಾತ್ರೆ ಕೊಟ್ಟರು, ನಡೆಯಿರಿ, ಸೈಕಲ್ ತುಳಿಯಿರಿ, ಜನರ ಜೊತೆಗಿರಿ ಎಂದೂ ಹೇಳಿದರು. ನಿನ್ನ ಕಿವಿಗೆ ಬಿದ್ದದ್ದು ‘ಹೃದಯ’ ಅನ್ನುವ ಒಂದೇ ಪದ. ಮರುವಾರವೇ ನಮ್ಮ ಬೀದಿಯ ಕೊನೆಗಿರುವ ವೃದ್ಧರ ವಸತಿಯಲ್ಲಿ ಅವಳ ಹೆಸರು ಬರೆಸಿ ಬಂದೆ. ಪ್ರೀತಿಯಿಂದಲೇ ಮಾಡಿದ್ದು, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಗೊತ್ತಿರುವುದರಿಂದಲೇ ಅವಳು ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ, ಇಪ್ಸ್ ಎಂಬ ಊರಿನ ಅಣೆಕಟ್ಟೆಯ ಮೇಲೆ ನದಿ ದಾಟುತ್ತಿದ್ದೆವು. ಹಡಗುಗಳನ್ನು ಕೆಳಗಿನ ಮಟ್ಟಕ್ಕೆ ಇಳಿಸುವ ಲಾಕ್‌ನಲ್ಲಿ ಒಂದು ಹಸಿರು ಸರಕಿನ ಹಡಗು ನಿಂತಿತ್ತು. ನಾನು ಬಾಟಲಿ ತೆಗೆದು ನೀರು ಕುಡಿಯುತ್ತಿದ್ದೆ. ತಿರುಗಿ ನೋಡಿದರೆ ಗ್ರೀತ್ಯಳ ಸೈಕಲ್ ನೆಲದ ಮೇಲೆ ಬಿದ್ದಿದೆ, ಚಕ್ರ ಇನ್ನೂ ತಿರುಗುತ್ತಿದೆ, ಅವಳು ಗೋಡೆಯ ಕಂಬಿ ಹಿಡಿದು ಬಗ್ಗಿದ್ದಾಳೆ. ಮತ್ತೆ ತಲೆ ತಿರುಗಿತೆಂದು ಬಾಟಲಿ ಬಿಸಾಕಿ ಓಡಿದೆ. ಅವಳು ಹಡಗಿನ ಮೂತಿಯ ಕಡೆ ಬೆರಳು ಮಾಡಿದಳು. ಅಲ್ಲಿ ಯಾವುದೋ ಹೊಸ ಹೆಸರು ಬರೆದಿತ್ತು. ಆದರೆ ದಪ್ಪ ಹಸಿರು ಬಣ್ಣದ ಕೆಳಗೆ, ಬಿಸಿಲು ಓರೆಯಾಗಿ ಬಿದ್ದ ಕಡೆ, ಉಕ್ಕಿನಲ್ಲಿ ಬೆಸೆದ ಹಳೆಯ ಅಕ್ಷರಗಳು ಉಬ್ಬಿಕೊಂಡು ಕಾಣುತ್ತಿದ್ದವು. ಯೋಹಾನ್ನಾ. ನಿಮ್ಮಮ್ಮನ ಹೆಸರು, ವೋಲ್ಟರ್. ನಿನ್ನ ಭಾವ ಬಾರೆಂಡ್ ತನ್ನ ಕೈಯಾರೆ ಬೆಸೆದ ಅಕ್ಷರಗಳು. ಅವನು ತೀರಿಕೊಂಡ ಮೇಲೆ ದಲ್ಲಾಳಿ ಮಾರಿಸಿದ, ಅವರಿಬ್ಬರೂ ನಡೆಸುತ್ತಿದ್ದ ಆ ಹಡಗು ಯಾವ ದೇಶಕ್ಕೆ ಹೋಯಿತೆಂದು ಈ ಮೂರು ವರ್ಷ ಗ್ರೀತ್ಯ ಯಾರನ್ನೂ ಕೇಳಿರಲಿಲ್ಲ. ನಮ್ಮ ನದಿಗೂ ಈ ನದಿಗೂ ನಡುವೆ ಕಾಲುವೆ ತೆರೆದ ಮೇಲೆ ನಮ್ಮ ಕಡೆಯ ಹಡಗುಗಳು ಇಲ್ಲಿಯವರೆಗೂ ಬರುತ್ತವೆಂದು ಗೊತ್ತಿದ್ದರೂ, ಇದೊಂದು ನಮ್ಮ ಕಣ್ಣಿಗೇ ಬೀಳುತ್ತದೆಂದು ಯಾರು ಅಂದುಕೊಂಡಾರು?

ನೀರಿನ ಜೊತೆ ಹಡಗು ಇಳಿಯುತ್ತಲೇ ಇತ್ತು. ಎಲ್ಲಿಗೆ ಹೋಗುತ್ತೀರಿ ಎಂದು ಗ್ರೀತ್ಯ ಜರ್ಮನ್ ಭಾಷೆಯಲ್ಲಿ ಕೂಗಿದಳು. ಹಗ್ಗ ಹಿಡಿದವನು ತಲೆಯೆತ್ತಿ, ಬ್ರಾಟಿಸ್ಲಾವಾ, ಅಲ್ಲಿ ವಾರಪೂರ್ತಿ ಇರುತ್ತೇವೆ, ಗೋಧಿ ತುಂಬಿಸಬೇಕು ಎಂದ. ಗೇಟು ತೆರೆಯಿತು, ಹಡಗು ಹೋಯಿತು. ಆಮೇಲೆ ವಿಯೆನ್ನಾದವರೆಗೆ ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಆದರೆ ತುಳಿತ ಬದಲಾಗಿತ್ತು. ಅಲ್ಲಿಯವರೆಗೆ ನನ್ನ ಹಿಂದೆ ಬರುತ್ತಿದ್ದವಳು ಈಗ ಮುಂದೆ. ದ್ರಾಕ್ಷಿ ತೋಟದ ಏರುಗಳಲ್ಲಿ ನಾನು ಇಳಿದು ತಳ್ಳುತ್ತಿದ್ದರೆ, ಅವಳು ಮೇಲೆ ನಿಂತು ಜಲ್ದಾರು ಹಣ್ಣು ತಿನ್ನುತ್ತ ಕಾಯುತ್ತಿದ್ದಳು.

ನಿನ್ನೆ ವಿಯೆನ್ನಾದಲ್ಲಿ ರೈಲು ಬಂದು ನಿಂತಿತ್ತು. ನನ್ನ ಸೈಕಲನ್ನು ಡಬ್ಬಿಗೆ ಏರಿಸಿಯೂ ಆಗಿತ್ತು. ಗ್ರೀತ್ಯ ಮಾತ್ರ ತನ್ನದನ್ನು ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಮೇಲೇ ನಿಂತಳು. “ನೀ ಹತ್ತು ಆಲೀದಾ. ನಾನೊಂದ್ಸಲ ಹಡಗು ನೋಡ್ಕೊಂಡ್ ಬರ್ತೀನಿ,” ಅಂದಳು, ಮೂಲೆ ಅಂಗಡಿಯಿಂದ ಹಾಲು ತರುವವಳ ಹಾಗೆ. ಒಬ್ಬಳೇ ಬಿಟ್ಟು ಹೋದರೆ ನಿನ್ನ ತಮ್ಮ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂದೆ. ನಗಲಿಲ್ಲ. “ಕಂಡೋರ ಕೈಲಿ ಅದು ಹೆಂಗಿದೆ ಅಂತ ಗೊತ್ತಾಗ್ಬೇಕು. ಹಾಳಾಗಿದ್ರೆ ಹಾಳಾಗಿದೆ ಅಂತಾದ್ರೂ ಗೊತ್ತಾಗ್ಲಿ.” ವೋಲ್ಟರ್, ನೀನಾಗಿದ್ದರೆ ಏನು ಮಾಡುತ್ತಿದ್ದೆಯೋ ನನಗೆ ತಿಳಿಯದು. ನಾನು ನನ್ನ ಸೈಕಲ್ ಕೆಳಗಿಳಿಸಿಕೊಂಡೆ. ಗಾರ್ಡು ಬೈದ ಬೈಗುಳದಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಪುಣ್ಯ.

ಗಾಳಿ ಬೆನ್ನಿಗಿತ್ತು. ಏರಿಯ ಮೇಲಿನ ನೇರ ದಾರಿ, ಎರಡು ಕಡೆಯೂ ಕಾಡು. ಹೈನ್‌ಬುರ್ಗ್‌ನಲ್ಲಿ ರಾತ್ರಿ ಉಳಿದು, ಇಂದು ಬೆಳಿಗ್ಗೆ ಗಡಿ ದಾಟಿ ಬಂದರಿಗೆ ಬಂದೆವು. ಕ್ರೇನುಗಳ ಕೆಳಗೆ ಹಡಗು ಕಂಡಾಗ ನನಗೆ ಹೆದರಿಕೆಯೇ ಆಯಿತು. ತುಕ್ಕು ಹಿಡಿದು, ಕಿಟಕಿ ಒಡೆದು ನಿಂತಿದ್ದರೆ ಇವಳನ್ನು ಹೇಗೆ ಸಮಾಧಾನ ಮಾಡಲಿ? ಆದರೆ ಹಿಂಬದಿಯ ತಂತಿಯಲ್ಲಿ ಪುಟ್ಟ ಫ್ರಾಕುಗಳು ಒಣಗುತ್ತಿದ್ದವು. ಕಿಟಕಿಗೆ ಲೇಸಿನ ಪರದೆ. ಛಾವಣಿಯ ಮೇಲೆ ಕಟಕಟೆ ಕಟ್ಟಿ ಬಲೆ ಹಾಕಿದ್ದರು, ಅದರೊಳಗೆ ಮೂರು ವರ್ಷದ ಹುಡುಗಿಯೊಂದು ಬಕೆಟ್ಟಿನಲ್ಲಿ ಗೊಂಬೆಗೆ ಸ್ನಾನ ಮಾಡಿಸುತ್ತಿತ್ತು. ಗ್ರೀತ್ಯ ತುಂಬ ಹೊತ್ತು ನೋಡಿ, “ಈ ಹಸಿರು ಬಣ್ಣ ಕಪ್ಪೆಗಾದ್ರೆ ಚೆನ್ನಾಗಿರತ್ತೆ,” ಅಂದಳು. ಆಗಲೇ ನನಗೆ ಧೈರ್ಯ ಬಂದದ್ದು.

ಹಡಗಿನವನು ವಿಲಿಯಮ್, ಅವನ ಹೆಂಡತಿ ಸ್ದೆಂಕಾ, ಮಗು ಲೂಬಾ. ಹಗ್ಗ ಹಿಡಿದಿದ್ದವನು ಸ್ದೆಂಕಾಳ ಅಣ್ಣ. ಇದು ನನ್ನ ಹಡಗಾಗಿತ್ತು ಎಂದು ಗ್ರೀತ್ಯ ಹೇಳಿದ ಕೂಡಲೇ ವಿಲಿಯಮ್ ಟೊಪ್ಪಿ ತೆಗೆದ. ಸ್ದೆಂಕಾಳಿಗೆ ಏಳು ತಿಂಗಳು. ಆ ಹೊಟ್ಟೆ ಹೊತ್ತುಕೊಂಡೇ ಕಡಿದಾದ ಏಣಿ ಇಳಿದು ಕಾಫಿ ಮಾಡಲು ಹೊರಟವಳನ್ನು ಗ್ರೀತ್ಯ ಕೈಹಿಡಿದು ಕೂರಿಸಿ ತಾನೇ ಇಳಿದಳು. ಕೆಳಗಿನಿಂದ ಪಾತ್ರೆ ಸದ್ದು ಕೇಳಿಸಿತು. ಕಾಫಿ ಪುಡಿ ಎಲ್ಲಿದೆಯೆಂದು ಅವಳು ಯಾರನ್ನೂ ಕೇಳಲಿಲ್ಲ.

ಮಧ್ಯಾಹ್ನ ಹಡಗನ್ನು ಧಾನ್ಯದ ಕಣಜದ ಕೆಳಗೆ ಸರಿಸಬೇಕಾಗಿತ್ತು. ವಿಲಿಯಮ್ ಚುಕ್ಕಾಣಿಯಿಂದ ಹಿಂದೆ ಸರಿದು ನಿಮ್ಮಕ್ಕನ ಮುಖ ನೋಡಿದ. ಅವಳು ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಹೋಗಿ ನಿಂತಳು. ನಾನು ಸರಕಿನ ಕೋಣೆಯ ಮುಚ್ಚಳದ ಹಲಗೆಗಳ ಮೇಲೆ ಎರಡೂ ಸೈಕಲುಗಳನ್ನು ಹಿಡಿದುಕೊಂಡು ಕೂತಿದ್ದೆ. ಅಷ್ಟು ದೊಡ್ಡ ಉಕ್ಕಿನ ಮನೆ ಸದ್ದಿಲ್ಲದೆ ಹೊರಳಿ, ಎರಡು ಹಡಗುಗಳ ನಡುವೆ ತೂರಿ, ಗೋಡೆಗೆ ಒಂದು ಮುತ್ತು ಕೊಟ್ಟ ಹಾಗೆ ತಾಗಿ ನಿಂತಿತು. ಗಾಜಿನಾಚೆ ಗ್ರೀತ್ಯಳ ಬಾಯಿ ಆಡುತ್ತಲೇ ಇತ್ತು. ವಿಲಿಯಮ್‌ಗೆ ಅದೇನು ಹೇಳುತ್ತಿದ್ದಳೋ, ಅವನು ನಗುತ್ತಿದ್ದ. ಬಾರೆಂಡ್ ಹೋದ ಮೇಲೆ ಅವಳ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಕಂಡಿರಲಿಲ್ಲ. ಅಳು ಬಂತು. ಸೈಕಲ್ ಬಿಟ್ಟು ಕಣ್ಣೊರೆಸಿಕೊಳ್ಳುವ ಹಾಗಿರಲಿಲ್ಲ, ಹಾಗೇ ಅತ್ತೆ.

ಊಟಕ್ಕೆ ಎಲೆಕೋಸಿನ ಸೂಪು. ಲೂಬಾ ಯಾರ ತೊಡೆಗೂ ಹೋಗದೆ ಗ್ರೀತ್ಯಳ ಪಕ್ಕದಲ್ಲೇ ಕೂತಿತು. ದಡಕ್ಕೆ ಬಂದ ಮೇಲೆ ಅವಳು ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಆ ಮಗು ನನ್ನತ್ರ ಬ್ರೆಡ್ ಕೇಳ್ತು, ಆಲೀದಾ. ಹುಷಾರಾಗಿದೀಯಾ ಅಂತ ಕೇಳ್ಲಿಲ್ಲ.”

ಮಾತ್ರೆ ಹೊತ್ತುಹೊತ್ತಿಗೆ ನುಂಗುತ್ತಿದ್ದಾಳೆ, ಎದುರಿಗೆ ನಿಂತು ನೋಡಿದ್ದೇನೆ. ದಾರಿಯುದ್ದಕ್ಕೂ ಏದುಸಿರು ಬಿಟ್ಟವಳು ನಾನು, ಅವಳಲ್ಲ. ನಾಳೆ ರಾತ್ರಿಯ ರೈಲಿಗೆ ಹೊರಟು ಬರುತ್ತೇನೆ. ಟೂಸ್‌ಗೆ ನನ್ನ ನೆನಪು ತಿಳಿಸು. ಮಂಡಿ ಮಡಿಸು. ನೀನು ಪಕ್ಕದಲ್ಲಿಲ್ಲದ ಪ್ರತಿ ಏರಿನಲ್ಲೂ ನಿನ್ನನ್ನು ಬೈದುಕೊಂಡಿದ್ದೇನೆ, ಪ್ರತಿ ಇಳಿಜಾರಿನಲ್ಲೂ ನೆನೆದಿದ್ದೇನೆ.

ನಿನ್ನವಳೇ,
ಆಲೀದಾ

ಮರೆತ ಮಾತು: ಜ್ವೋಲೆಯವರು ಆಗಲೇ ವ್ಯಾನಿಗೆ ಸಾಮಾನು ತುಂಬುತ್ತಿದ್ದಾರೆ, ಬೇಗ ಬರೆಯುತ್ತೇನೆ. ರೈಲಿಗೆ ಹೊರಡುತ್ತೇನೆ ಎಂದೆನೇ ಹೊರತು ಹೊರಡುತ್ತೇವೆ ಎನ್ನಲಿಲ್ಲ, ಗಮನಿಸಿದೆಯಾ? ಹೆರಿಗೆಯವರೆಗೆ ಜೊತೆಗಿದ್ದು ಅಡಿಗೆ, ಮಗು ನೋಡಿಕೊಳ್ಳಿ, ನೇರ ನದಿ ಇದ್ದಲ್ಲಿ ಚುಕ್ಕಾಣಿ ಹಿಡಿಯಿರಿ ಎಂದು ಸ್ದೆಂಕಾ ಗ್ರೀತ್ಯಳನ್ನು ಕೇಳಿದ್ದಾಳೆ. ರೇಗೆನ್ಸ್‌ಬುರ್ಗ್‌ವರೆಗೆ ಹೋಗುವುದು, ದಾರಿಯುದ್ದಕ್ಕೂ ಊರುಗಳಿವೆ, ಡಾಕ್ಟರಿದ್ದಾರೆ. ಹಡಗು ನಾಳೆ ಸಂಜೆ ಬಿಡುತ್ತದೆ. ಅವಳಿನ್ನೂ ಒಪ್ಪಿಲ್ಲ. ‘ವೋಲ್ಟರ್ ಬೇಡ ಅಂದ್ರೆ ನಾ ಹೋಗಲ್ಲ, ನಂಗಿರೋದು ಅವನೊಬ್ಬನೇ’ ಅನ್ನುತ್ತಾಳೆ. ಈ ಮನೆಯ ಫೋನ್ ನಂಬರು ಲಕೋಟೆಯ ಹಿಂದೆ ಇದೆ. ನಾಳೆ ಮಧ್ಯಾಹ್ನ ಅವಳನ್ನು ಫೋನಿನ ಪಕ್ಕ ಕೂರಿಸಿರುತ್ತೇನೆ. ಎದೆಬಡಿತ ವಿಚಾರಿಸಬೇಡ, ವೃದ್ಧರ ವಸತಿಯ ವಿಷಯ ತೆಗೆಯಬೇಡ. ‘ಹೋಗಿ ಬಾ ಅಕ್ಕಾ’ ಅನ್ನು.