ಮಿರಗ ಕೂಡಿದ ಮರುದಿನ

ಸ್ಪಿತಿ, ಹಿಮ ಅಳೆಯುವ ಠಾಣೆ
ಜೂನ್ ೯

ತಾವರಗೇರಾದಲ್ಲಿರುವ ನಮ್ಮ ಯಜಮಾನರಿಗೆ ಸುರೇಖಾಳ ನಮಸ್ಕಾರ.

ಇಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ಪತ್ರ. ದಿನಾ ಬೆಳಿಗ್ಗೆ ಹಿಮದಲ್ಲಿ ನೆಟ್ಟ ಅಳತೆಗೋಲು ನೋಡಿ, ಎಷ್ಟು ಬಿತ್ತು, ಎಷ್ಟು ಕರಗಿತು ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ನಿನ್ನೆ ಮೈಮರೆತು ಷರಾ ಕಾಲಮ್ಮಿನಲ್ಲಿ ಕನ್ನಡದಲ್ಲೇ ‘ಮಿರಗ ಕೂಡಿತು’ ಎಂದು ಬರೆದುಬಿಟ್ಟೆ. ಓದಿ ಹೇಳಿದಾಗ, ಇದು ಯಾವ ಉಪಕರಣ ಎಂದು ಠಾಣೆಯ ಸಾಹೇಬರು ಕೇಳಿದರು. ಮೃಗಶಿರಾ ಮಳೆ ಹಿಡಿದು ನಮ್ಮೂರಲ್ಲಿ ಮಳೆಗಾಲ ಶುರುವಾಗುವ ದಿನ, ಅವತ್ತು ಮನೆಮಂದಿಯೆಲ್ಲ ಇಂಗು-ಬೆಲ್ಲ ತಿನ್ನುತ್ತೇವೆ ಎಂದೆ. ನಕ್ಕರು, ಆದರೂ ಹೊಡೆದುಹಾಕಿಸಿದರು.

ನೀವು ತಿಂದಿರಾ?

ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀವು, “ನೀರು ಅಳಿಯಾಕ ಅಷ್ಟು ದೂರ ಹೋಗಬೇಕೇನ? ಅಂಗಳದಾಗ ಒಂದು ತಂಬಿಗಿ ಇಟ್ರ ಆತು” ಅಂದಿರಿ. ನಾನು ಬಸ್ಸು ಹತ್ತಿದೆ. ಈಗ ಹೇಳುತ್ತೇನೆ, ಇಡಿ. ತಂಬಿಗೆ ಮಾತ್ರ ಬೇಡ, ಹೊಟ್ಟೆ ಉಬ್ಬಿದ ಪಾತ್ರೆಯಲ್ಲಿ ಅಳತೆ ತಪ್ಪುತ್ತದೆ. ನೆಟ್ಟನೆಯ ಡಬ್ಬಿ ಇಟ್ಟು, ಮೊದಲ ಮಳೆ ಎಷ್ಟು ಬೆರಳು ಬಂತೆಂದು ಬರೆದು ಕಳಿಸಿ. ಜೊತೆಗೆ ಒಂದು ಚೂರು ಇಂಗು.

ಇನ್ನೊಂದು ವರ್ಷ ಇರುತ್ತೀರಾ ಎಂದು ಸಾಹೇಬರು ಕೇಳಿದ್ದಾರೆ. ಗೋಡೆಯ ನಕಾಶೆಯಲ್ಲಿ ಬೆರಳಿಟ್ಟು ನೋಡಿದೆ. ಇಲ್ಲಿ ಕರಗಿದ ನೀರು ಒಂದು ಹನಿಯೂ ನಮ್ಮ ಸೀಮೆಗೆ ಹರಿಯುವುದಿಲ್ಲ. ಇಲ್ಲಿಂದ ಅಲ್ಲಿಗೆ ಬರುವುದಿದ್ದರೆ ನಾನೇ ಬರಬೇಕು.

ನಿಮ್ಮ
ಸುರೇಖಾ